ಗೇಟಿನೊಳಗೆ ಹೋದ ಮೂವತ್ತೆರಡು ಮಂದಿ

ಭಾವ ಒಬ್ಬರೇ ಮನೆಗೆ ಬಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ಕುರ್ಚಿಯಲ್ಲಿ ಕೂತು ಬೆಳಗಿನ ಪೇಪರ್ ಬಿಡಿಸಿದರು. ಅಡುಗೆಮನೆಯಿಂದ ಹೊರಬಂದ ಅಕ್ಕ ಬಾಗಿಲ ಕಡೆ ನೋಡಿದಳು.

“ಶ್ವೇತಾ ಎಲ್ಲಿ ರೀ?”

“ಒಳಗಿಲ್ವಾ?” ಅಂದರು ಭಾವ.

ಒಂದು ಗಂಟೆ ಮುಂಚೆ ಆರು ವರ್ಷದ ಮಗಳ ಕೈ ಹಿಡಿದು ಕಮಾಟಿ ಬಾಗ್ ಉದ್ಯಾನಕ್ಕೆ ಹೊರಟವರು ಅವರೇ. ನಾನು ಸೈಕಲ್ ಹತ್ತಿದೆ. ಅಕ್ಕ ಬರಿಗಾಲಲ್ಲೇ ರಸ್ತೆಗೆ ಓಡಿ ರಿಕ್ಷಾ ಹಿಡಿದಳು. ತೋಟದ ಬಾಗಿಲು ಮುಚ್ಚುವ ಹೊತ್ತು. ಜನ ಎದುರಿನಿಂದ ಹೊರಗೆ ಬರುತ್ತಿದ್ದರು, ಯಾವ ಮಗುವಿನ ಮುಖ ಕಂಡರೂ ಎದೆ ಹಾರುತ್ತಿತ್ತು. ಶ್ವೇತಾ ಪುಟಾಣಿ ರೈಲಿನ ಟಿಕೆಟ್ ಕಿಟಕಿಯ ಹತ್ತಿರ ಕಾವಲುಗಾರನ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತಿರಲಿಲ್ಲ.

“ಪಪ್ಪಾ ಟಿಕೆಟ್ ಲೇನೇ ಗಯೇ. ಇಲ್ಲೇ ಬೈಠೋ ಅಂದ್ರು,” ಎಂದಳು.

ಭಾವ ಮಗಳನ್ನು ಅಲ್ಲಿ ಕೂರಿಸಿ ಟಿಕೆಟ್ ತರಲು ಕಿಟಕಿಯವರೆಗೆ ಹೋಗಿದ್ದರು. ಸಾಲಿನಲ್ಲಿ ನಿಂತಾಗ ಯಾಕೆ ನಿಂತಿದ್ದೇನೆ ಎಂಬುದು ಮರೆತುಹೋಗಿ, ಮನೆಗೆ ಬಂದುಬಿಟ್ಟಿದ್ದರು. ಆ ರಾತ್ರಿ ಅವರು ಊಟ ಮಾಡಲಿಲ್ಲ. “ಅನಿಲ್, ನನ್ನ ಕೈಗೆ ಮಗು ಕೊಡಬೇಡಿ,” ಎಂದಷ್ಟೇ ಹೇಳಿದರು.

ಇದು 1993ರ ನವೆಂಬರಿನ ಮಾತು. ನಾನು ಆಗ ವಡೋದರಾದಲ್ಲಿ ಬ್ಯಾಂಕ್ ಗುಮಾಸ್ತ. ವರ್ಗವಾಗಿ ಬಂದು ಫತೇಗಂಜ್‌ನಲ್ಲಿ ಎರಡು ಕೋಣೆಯ ಮನೆ ಮಾಡಿದ್ದೆ. ಭಾವ ಎಂದರೆ ನನ್ನ ಅಕ್ಕ ರಜನಿಯ ಗಂಡ, ವೆಂಕಟಾಚಲ. ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ದುಡಿದವರು. ಅದು ಮುಚ್ಚಿದ ಮೇಲೆ ಸೂರತ್ತಿನ ಪಾಂಡೇಸರಾಕ್ಕೆ ಬಂದು, ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನಲ್ಲಿ ಟೈಮ್ ಕೀಪರ್ ಆಗಿದ್ದರು. ಹಾಜರಿ ಹಿಡಿಯುವುದು ಅವರ ಕೆಲಸ. ಇನ್ನೂರು ಆಳುಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದರಂತೆ.

ಆ ವರ್ಷ ಜೂನ್‌ನಲ್ಲಿ ಮಿಲ್ಲಿನ ಕೆಲಸದ ಮೇಲೆ ಅಹಮದಾಬಾದಿಗೆ ಹೋಗಿದ್ದರು. ಹಿಂದಿರುಗುವಾಗ ಮಣಿನಗರ ಸ್ಟೇಷನ್ನಿನಲ್ಲಿ ಚಲಿಸುತ್ತಿದ್ದ ರೈಲು ಹತ್ತಲು ಹೋಗಿ ಕಾಲು ಜಾರಿತು. ತಲೆ ಪ್ಲಾಟ್‌ಫಾರ್ಮಿನ ಅಂಚಿಗೆ ಬಡಿಯಿತು. ಹದಿನೆಂಟು ದಿನ ಆಸ್ಪತ್ರೆ. ಎದ್ದಾಗ ಮಾತು ಸರಿಯಿತ್ತು, ನಡಿಗೆ ಸರಿಯಿತ್ತು, ದಾವಣಗೆರೆಯ ಒಂದೊಂದು ಗಲ್ಲಿಯೂ ನೆನಪಿತ್ತು. ಆದರೆ ಹೊಸದೇನೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಬಂದು ಹೋದ ನರ್ಸ್ ಮಧ್ಯಾಹ್ನ ಬಂದರೆ ಅವರಿಗೆ ಹೊಸಬಳು. ಸ್ವಲ್ಪ ಸುಧಾರಿಸಬಹುದು, ಪೂರ್ತಿ ಹಿಂದಿನಂತಾಗುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರ್. ಅಕ್ಕ ಅವರನ್ನೂ ಮಗಳನ್ನೂ ಕರೆದುಕೊಂಡು ನನ್ನ ಮನೆಗೆ ಬಂದಳು. ಮಿಲ್ಲಿನವರು ಉತ್ತರಾಯಣದವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದು ಪತ್ರ ಬರೆದಿದ್ದರು. ಆ ನವೆಂಬರಿನಲ್ಲಿ ಜನವರಿ ಹದಿನಾಲ್ಕಕ್ಕೆ ಎರಡು ತಿಂಗಳೂ ಪೂರ್ತಿ ಉಳಿದಿರಲಿಲ್ಲ.

ಭಾವ ಬರೆದಿಟ್ಟುಕೊಳ್ಳುವ ಪ್ರಯತ್ನ ಮಾಡಿದರು. ಅಂಗಿಯ ಜೇಬಿನ ತುಂಬ ಚೀಟಿ. ಆದರೆ ಚೀಟಿ ಇದೆ ಎಂಬುದೇ ಮರೆಯುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಉಡುಪಿ ಹೋಟೆಲಿತ್ತು. ಯೂನಿವರ್ಸಿಟಿ ಹುಡುಗರು ಗುಂಪು ಗುಂಪಾಗಿ ಬಂದು ಕೂರುವ ಜಾಗ. ಅಲ್ಲಿ ಕುಂದಾಪುರದ ಕಡೆಯ ದೊಡ್ಡಣ್ಣ ಎಂಬ ಸಪ್ಲೈಯರ್ ಇದ್ದರು. ಐವತ್ತು ದಾಟಿದ ವಯಸ್ಸು, ಓದು ಮೂರನೇ ಕ್ಲಾಸು. ಏಳು ಟೇಬಲ್ಲಿನ ಆರ್ಡರನ್ನು ಒಂದೇ ಸಲ ಕೇಳಿ, ಒಂದಕ್ಷರ ಬರೆಯದೆ, ಯಾರಿಗೆ ಯಾವುದೋ ಅದನ್ನೇ ಅವರ ಮುಂದೆ ಇಡುತ್ತಿದ್ದರು. ತೋಟದ ಆ ಘಟನೆಯಾದ ಮೂರನೆಯ ದಿನ ಭಾವನನ್ನು ಅಲ್ಲಿಗೆ ಕಾಫಿಗೆ ಕರೆದುಕೊಂಡು ಹೋದೆ. ಭಾವ ಅವರನ್ನೇ ನೋಡುತ್ತ ಕೂತರು.

“ನಿಮಗೆ ಹುಟ್ಟಿನಿಂದಲೇ ಇಂಥ ನೆನಪಾ?” ಎಂದು ಕೇಳಿದರು.

ದೊಡ್ಡಣ್ಣ ನಕ್ಕರು. “ಎಂತ ಹುಟ್ಟಿನಿಂದ ಮಾರಾಯ್ರೆ! ಮೊದಲ ವರ್ಷ ದಿನಾ ಬೈಸಿಕೊಳ್ತಿದ್ದೆ. ಆಮೇಲೆ ಒಬ್ರು ಹಿರಿಯ ಸಪ್ಲೈಯರ್ ಹೇಳಿಕೊಟ್ರು. ಇದು ಕಲಿಯುವ ಕೆಲಸ, ವರ ಅಲ್ಲ.”

“ನನಗೆ ತಲೆಗೆ ಪೆಟ್ಟಾಗಿದೆ.”

“ಗೊತ್ತುಂಟು. ನಿಮ್ಮ ಅನಿಲಣ್ಣ ಹೇಳಿದ್ರು. ನಾಳೆ ಮೂರು ಗಂಟೆಗೆ ಬನ್ನಿ, ಗಿರಾಕಿ ಕಡಿಮೆ ಇರ್ತದೆ.”

ಮರುದಿನ ಮೂರು ಗಂಟೆಗೆ ಹೋಗಬೇಕು ಎಂಬುದನ್ನು ಭಾವ ಮರೆತಿದ್ದರು. ಅಕ್ಕ ಕಳಿಸಿದಳು. ಹಾಗೆ ಹತ್ತು ದಿನ ದಿನಾ ಅವಳೇ ಕಳಿಸಬೇಕಾಯಿತು.

ದೊಡ್ಡಣ್ಣನ ವಿದ್ಯೆಯಲ್ಲಿ ಗುಟ್ಟೇನೂ ಇರಲಿಲ್ಲ. ಮೊದಲು ಮನುಷ್ಯನನ್ನು ನೋಡಬೇಕು. ನೋಡಿದೆ ಎಂದುಕೊಳ್ಳುವುದಲ್ಲ, ನಿಜವಾಗಿ ನೋಡಬೇಕು: ಕಿವಿ ದೊಡ್ಡದೋ, ಹುಬ್ಬು ಕೂಡಿದೆಯೋ. ಆಮೇಲೆ ಅವನು ಕೇಳಿದ್ದನ್ನು ಅವನಿಗೇ ಅಂಟಿಸಬೇಕು. “ದಪ್ಪ ಮೀಸೆಯವ ಮಸಾಲೆ ದೋಸೆ ಹೇಳಿದ ಅಂತ ಇಟ್ಕೊಳ್ಳಿ. ದೋಸೆಯನ್ನ ಅವನ ತಲೆ ಮೇಲೆ ಪೇಟದ ಹಾಗೆ ಕೂರಿಸಿ. ಪಲ್ಯ ಮೀಸೆಗೆ ಇಳೀಬೇಕು. ನಗು ಬರುವ ಹಾಗಿದ್ರೆ ಮಾತ್ರ ಉಳೀತದೆ. ಮರ್ಯಾದೆಯಿಂದ ನೆನಪಿಟ್ಟುಕೊಂಡದ್ದು ಅಡುಗೆಮನೆ ಬಾಗಿಲಲ್ಲೇ ಬಿದ್ದುಹೋಗ್ತದೆ.”

ಮೂರನೆಯದು ಜಾಗ. ದೊಡ್ಡಣ್ಣನಿಗೆ ಟೇಬಲ್ಲುಗಳೇ ಜಾಗ. “ನಿಮಗೆ ಮರೆಯದ ದಾರಿ ಯಾವುದುಂಟು?” ಎಂದು ಕೇಳಿದರು. ಭಾವ ತಕ್ಷಣ ಹೇಳಿದರು: ದಾವಣಗೆರೆಯಲ್ಲಿ ಮನೆಯಿಂದ ಮಿಲ್ಲಿನವರೆಗಿನ ದಾರಿ. ಮನೆ ಮುಂದಿನ ಕಟ್ಟೆ, ಹಿಟ್ಟಿನ ಗಿರಣಿ, ಸೈಕಲ್ ಶಾಪ್, ಸೌದೆ ಡಿಪೋ, ಬೇವಿನ ಮರ, ಶಾಲೆ, ರೇಷನ್ ಅಂಗಡಿ, ಮಂಡಕ್ಕಿ ಭಟ್ಟಿ, ಕ್ಷೌರದ ಅಂಗಡಿ, ಹೀಗೆ ನಲವತ್ತು ಜಾಗಗಳನ್ನು ಕಣ್ಣು ಮುಚ್ಚಿ ಹೇಳಿದರು. ಪೆಟ್ಟು ಆ ದಾರಿಯನ್ನು ಮುಟ್ಟಿರಲಿಲ್ಲ.

“ಹಾಗಾದ್ರೆ ಹೊಸಬರನ್ನೆಲ್ಲ ಆ ದಾರಿಯಲ್ಲಿ ಒಬ್ಬೊಬ್ಬರನ್ನಾಗಿ ನಿಲ್ಲಿಸ್ತಾ ಹೋಗಿ. ಬೇಕಾದಾಗ ನಡ್ಕೊಂಡು ಹೋಗಿ ನೋಡಿ. ಮತ್ತೆ ಒಂದು ವಿಷಯ. ಕೂಡಲೇ ಒಮ್ಮೆ ನಡೀಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಗಂಟೆ ಬಿಟ್ಟು ಮತ್ತೊಮ್ಮೆ. ಆಗ ಗಟ್ಟಿ.”

ಕೇಳಲು ಸುಲಭ. ಮೊದಲ ವಾರ ಭಾವನಿಗೆ ಮೂರು ಜನರನ್ನೂ ನಿಲ್ಲಿಸಲಾಗಲಿಲ್ಲ. ಒಂದು ಮಧ್ಯಾಹ್ನ ಕೈಲಿದ್ದ ಸ್ಟೀಲ್ ಲೋಟ ನೆಲಕ್ಕೆ ಬಡಿದು, “ಇದೆಲ್ಲ ಸರ್ಕಸ್ಸು, ನನ್ನಿಂದಾಗಲ್ಲ,” ಎಂದು ಕಿರುಚಿದರು. ಹೋಟೆಲಿನ ಹುಡುಗರೆಲ್ಲ ತಿರುಗಿ ನೋಡಿದರು. ದೊಡ್ಡಣ್ಣ ಲೋಟ ಎತ್ತಿ ಒರೆಸಿ, “ಜಾಗ ಖಾಲಿ ಕಂಡ್ರೆ ತಳ್ಳಬೇಡಿ. ಹಿಂದಿನ ಟೇಬಲ್ಲಿಗೆ ಹೋಗಿ, ಅಲ್ಲಿಂದ ನಿಧಾನ ಬನ್ನಿ,” ಎಂದಷ್ಟೇ ಹೇಳಿದರು. ಡಿಸೆಂಬರ್ ಮುಗಿಯುವ ಹೊತ್ತಿಗೆ ಹನ್ನೊಂದು ಜನ. ಉತ್ತರಾಯಣಕ್ಕೆ ಎರಡು ದಿನ ಇರುವಾಗ ಹತ್ತೊಂಬತ್ತು. ಅಕ್ಕ ಸೂರತ್ತಿಗೆ ಹೊರಡಲು ಮೂಟೆ ಕಟ್ಟಿದಳು.

ಮಿಲ್ಲಿನ ಮ್ಯಾನೇಜರ್ ಅವರನ್ನು ವಾಪಸು ಸೇರಿಸಿಕೊಂಡರು, ಆದರೆ ಟೈಮ್ ಆಫೀಸಿಗಲ್ಲ. ಹಿಂದಿನ ಗೇಟಿಗೆ. ಅಲ್ಲಿಂದ ಒಳಹೋಗುತ್ತಿದ್ದವರು ಠೇಕೇದಾರನ, ಅಂದರೆ ಗುತ್ತಿಗೆದಾರನ ಆಳುಗಳು, ಬಹುಪಾಲು ಒರಿಸ್ಸಾ, ಬಿಹಾರದವರು. ಖಾಯಂ ಕೆಲಸಗಾರರಿಗೆ ಪಂಚ್ ಮಾಡುವ ಕಾರ್ಡಿತ್ತು. ಇವರಿಗೆ ಏನೂ ಇರಲಿಲ್ಲ. ಠೇಕೇದಾರ ಹಸ್ಮುಖ್‌ಭಾಯಿಯ ಜೇಬಿನಲ್ಲಿದ್ದ ಒಂದು ಪಟ್ಟಿಯೇ ಎಲ್ಲ. ಭಾವನ ಕೆಲಸ ಗೇಟು ತೆರೆಯುವುದು, ಮುಚ್ಚುವುದು. ಆಫೀಸಿನಲ್ಲಿ ಅವರಿಗೆ ಇಟ್ಟ ಹೆಸರು ಭುಲಕ್ಕಡ್, ಮರೆಗುಳಿ. ಇನ್ನೊಂದು ತಪ್ಪಾದರೆ ಈ ಕೆಲಸವೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ಗೇಟಿನಲ್ಲೇ ಅವರು ಅಭ್ಯಾಸ ಮುಂದುವರಿಸಿದರು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಒಳಹೋಗುವ ಪ್ರತಿಯೊಬ್ಬನನ್ನೂ ನಿಲ್ಲಿಸಿ ಹೆಸರು ಕೇಳುವುದು, ಹೆಸರಿಗೊಂದು ಚಿತ್ರ ಮಾಡಿ ದಾವಣಗೆರೆಯ ದಾರಿಯಲ್ಲಿ ನಿಲ್ಲಿಸುವುದು. ಹೊರಗೆ ಹೋದವನನ್ನು ಅವನ ಜಾಗದಿಂದ ಎತ್ತಿಬಿಡುವುದು. ಗೇಟು ಮುಚ್ಚಿದ ಮೇಲೆ ಒಮ್ಮೆ, ಚಹಾ ಆದ ಮೇಲೆ ಒಮ್ಮೆ, ಹತ್ತಕ್ಕೆ ಒಮ್ಮೆ ದಾರಿ ನಡೆಯುವುದು. ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು. ಮನೆಯಲ್ಲಿ ಮಾತ್ರ ಒಲೆ ಆರಿಸಲು ಮರೆಯುತ್ತಿದ್ದರು. ಅಕ್ಕ ಅವರನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ.

1995ರ ಏಪ್ರಿಲ್. ಬೆಳಿಗ್ಗೆ ಏಳಕ್ಕೆ ಮೂವತ್ತೊಂದು ಜನ ಒಳಹೋದರು. ಏಳೂವರೆಗೆ ಹಸ್ಮುಖ್‌ಭಾಯಿ ಸ್ಕೂಟರಿನ ಹಿಂದೆ ಒಬ್ಬ ಹೊಸಬನನ್ನು ಕೂರಿಸಿಕೊಂಡು ಬಂದ. ತೆಳ್ಳಗಿನ ಆಳು, ಮೂವತ್ತರ ಸುಮಾರು.

“ಇವತ್ತೊಂದು ದಿನ ಕೆಲಸ ನೋಡ್ತೀನಿ. ಕಲರ್ ಕಿಚನ್‌ಗೆ ಬಿಡ್ತೀನಿ,” ಎಂದ ಹಿಂದಿಯಲ್ಲಿ. ಬಣ್ಣ ಕಲಸುವ ಕೋಣೆಗೆ ಅಲ್ಲಿ ಹಾಗೆನ್ನುತ್ತಾರೆ.

ಭಾವ ಹೊಸಬನನ್ನು ತಡೆದರು. “ಹೆಸರು?”

“ಬನಮಾಲಿ.”

ದಾರಿಯಲ್ಲಿ ಮೂವತ್ತೆರಡನೆಯ ಜಾಗ ಮುನಿಸಿಪಾಲಿಟಿಯ ನೀರಿನ ಟ್ಯಾಂಕು. ಭಾವ ಅವನ ಕೊರಳಿಗೆ ಮೊಣಕಾಲು ಮುಟ್ಟುವ ಕಾಡುಹೂವಿನ ಮಾಲೆ ಹಾಕಿ, ಟ್ಯಾಂಕಿನ ಮೇಲೆ ನಿಲ್ಲಿಸಿ, ಕೈಯಲ್ಲಿ ಸೌಟು ಕೊಟ್ಟು, ಟ್ಯಾಂಕಿನ ನೀರನ್ನೆಲ್ಲ ಕೆಂಪಾಗಿ ಕದಡಿಸಿದರು.

ಹನ್ನೊಂದೂಕಾಲಿಗೆ ಬಟ್ಟೆ ಒಣಗಿಸುವ ಯಂತ್ರದೊಳಗೆ ಬೆಂಕಿ ಹೊತ್ತಿಕೊಂಡಿತು. ಕಾದ ಎಣ್ಣೆಯ ಪೈಪು, ಸುತ್ತ ಪಾಲಿಯೆಸ್ಟರ್ ಬಟ್ಟೆ. ಎರಡು ನಿಮಿಷದಲ್ಲಿ ಕಪ್ಪು ಹೊಗೆ ಶೆಡ್ಡಿನ ಮಾಡಿನಿಂದ ಉಕ್ಕಿತು. ಜನ ಎರಡೂ ಗೇಟುಗಳ ಕಡೆ ಕೆಮ್ಮುತ್ತ ಓಡಿಬಂದರು. ಭಾವ ಹಿಂದಿನ ಗೇಟು ಪೂರ್ತಿ ತೆರೆದು, ಬಂದವರನ್ನೆಲ್ಲ ಆಚೆಯ ಬಯಲಿಗೆ ಕಳಿಸಿದರು. ಮುಂದಿನ ಗೇಟಿನಿಂದ ಹೊರಬಿದ್ದವರೂ ಸುತ್ತು ಹಾಕಿ ಅಲ್ಲಿಗೇ ಸೇರಿದರು. ಅಗ್ನಿಶಾಮಕದ ಎರಡು ಗಾಡಿ ಬಂದಾಗ ಒಳಗೆ ಏನೋ ಸಿಡಿದ ಸದ್ದು ಕೇಳಿತು.

ಅಗ್ನಿಶಾಮಕದ ಅಧಿಕಾರಿ ಮೊದಲು ಕೇಳಿದ್ದು ಒಂದೇ: “ಒಳಗೆ ಯಾರಾದರೂ ಇದ್ದಾರಾ?”

ಖಾಯಂ ಕೆಲಸಗಾರರ ಲೆಕ್ಕ ಕಾರ್ಡುಗಳಿಂದ ಸಿಕ್ಕಿತು, ಎಲ್ಲರೂ ಹೊರಗಿದ್ದರು. ಹಸ್ಮುಖ್‌ಭಾಯಿ ತನ್ನ ಪಟ್ಟಿ ಹಿಡಿದು ತಲೆ ಎಣಿಸಿದ. “ಮೂವತ್ತೊಂದು. ಸಬ್ ಆ ಗಯೇ,” ಎಲ್ಲರೂ ಬಂದರು ಎಂದ.

“ಇಲ್ಲ,” ಎಂದರು ಭಾವ. “ಮೂವತ್ತೆರಡು. ಬನಮಾಲಿ ಬಂದಿಲ್ಲ.”

ಹಸ್ಮುಖ್‌ಭಾಯಿ ತಿರುಗಿದ. “ಅವನು ಹೊರಗೇ ಇದ್ದಾನೆ. ಹನ್ನೊಂದಕ್ಕೆ ಚಹಾ ತಾ ಅಂತ ನಾನೇ ಕಳಿಸಿದೆ. ಬೆಂಕಿ ನೋಡಿ ಓಡಿಹೋಗಿರಬೇಕು.”

“ನನ್ನ ಗೇಟು ದಾಟಿಲ್ಲ.”

“ಮುಂದಿನ ಗೇಟಿನಿಂದ ಹೋಗಿರ್ತಾನೆ.”

“ನಿಮ್ಮ ಆಳುಗಳನ್ನು ಅಲ್ಲಿಂದ ಬಿಡುವುದಿಲ್ಲ. ಚಹಾ ಅಂಗಡಿಯೂ ಈ ಕಡೆಯೇ ಇದೆ.”

ಮ್ಯಾನೇಜರ್ ನಡುವೆ ಬಂದರು. ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. “ವೆಂಕಟ್, ನಿನಗೆ ಊಟ ಮಾಡಿದ್ದೇ ನೆನಪಿರಲ್ಲ. ಈ ಹೊಗೆಯೊಳಗೆ ಜನರನ್ನು ಕಳಿಸಿ ಸಾಯಿಸಬೇಕಾ? ಸುಮ್ಮನಿರು.”

ಆ ಮಾತು ಸುಳ್ಳಾಗಿರಲಿಲ್ಲ. ಭಾವ ಆಮೇಲೆ ನನ್ನ ಹತ್ತಿರ ಹೇಳಿದ್ದು ಇದು: “ಅವರು ಬೈದಿದ್ದಕ್ಕೆ ಹೆದರಲಿಲ್ಲ ಅನಿಲ್. ಅವರು ಹೇಳಿದ್ದು ನಿಜವಿರಬಹುದಲ್ಲ ಅಂತ ಹೆದರಿದೆ. ಮಗಳನ್ನೇ ಮರೆತವನು ನಾನು.”

ಅಧಿಕಾರಿ ಭಾವನನ್ನು ನೋಡಿದರು. “ಎಲ್ಲಾದರೂ ಬರೆದಿದ್ದೀಯಾ?”

“ಇಲ್ಲ ಸಾಹೇಬ್. ಒಂದು ನಿಮಿಷ ಕೊಡಿ. ಒಬ್ಬೊಬ್ಬರನ್ನೂ ತೋರಿಸ್ತೀನಿ.”

ಭಾವ ಬಯಲಿನ ಕಡೆ ತಿರುಗಿ ದಾರಿ ಹಿಡಿದರು. ಕಟ್ಟೆ: ಮೋತಿಲಾಲ್. ಮುತ್ತಿನ ಸರ ಹಾಕಿಕೊಂಡು ಕಟ್ಟೆಯ ಮೇಲೆ ಕೂತವನು ಬಯಲಿನಲ್ಲಿ ಕೈ ಎತ್ತಿದ. ಹಿಟ್ಟಿನ ಗಿರಣಿ: ಗೋವರ್ಧನ. ಸೈಕಲ್ ಶಾಪ್: ರಘುವೀರ್. ಒಂದೊಂದು ಹೆಸರಿಗೂ ಒಂದೊಂದು ಕೈ ಮೇಲೇಳುತ್ತಿತ್ತು. ಎಂಟನೆಯದು ಮಂಡಕ್ಕಿ ಭಟ್ಟಿ: ಭೋಲಾ. ಒಂಬತ್ತನೆಯದು ಕ್ಷೌರದ ಅಂಗಡಿ.

ಕುರ್ಚಿ ಖಾಲಿ.

ಭಾವ ಬಾಯಿ ತೆರೆದು ನಿಂತರು. ಹಿಂದಿನಿಂದ ತಗಡು ಕಳಚಿ ಬಿದ್ದ ಸದ್ದು. ಯಾರೋ ಕಿರುಚಿದರು. ಒಂಬತ್ತನೆಯ ಜಾಗದಲ್ಲಿ ಯಾರೂ ಇಲ್ಲ. ಒಬ್ಬನನ್ನು ಕಳೆದುಕೊಂಡ ತಲೆ, ಇಲ್ಲದ ಒಬ್ಬನನ್ನು ಕಲ್ಪಿಸಿಕೊಂಡಿರಲಾರದೇ?

“ನೋಡಿದ್ರಾ?” ಎಂದ ಹಸ್ಮುಖ್‌ಭಾಯಿ. “ಹೇಳಿದ್ನಲ್ಲ.”

ಭಾವ ಕಣ್ಣು ಮುಚ್ಚಿದರು. ಖಾಲಿ ಕುರ್ಚಿಯನ್ನು ಅಲ್ಲೇ ಬಿಟ್ಟು ಭಟ್ಟಿಗೆ ಹಿಂದಿರುಗಿದರು. ಭೋಲಾ ಬಿಸಿ ಮರಳಿನ ಮೇಲೆ ಕುಣಿಯುತ್ತಿದ್ದ. ಮಂಡಕ್ಕಿ ಸಿಡಿಯುತ್ತಿತ್ತು. ಅಲ್ಲಿಂದ ಚರಂಡಿಯ ಚಪ್ಪಡಿ ದಾಟಿ, ಒಂದು ಮೆಟ್ಟಿಲು ಹತ್ತಿ, ನಿಧಾನವಾಗಿ ಅಂಗಡಿಯೊಳಗೆ ಬಂದರು. ಕನ್ನಡಿ, ಕತ್ತರಿ, ಸೋಪಿನ ವಾಸನೆ. ಕುರ್ಚಿಯ ಸೀಟು ಸೀಳಿಕೊಂಡು ಹಸಿರು ತುಳಸಿ ಗಿಡ ಎದ್ದಿತ್ತು. ಕ್ಷೌರಿಕ ಅದಕ್ಕೆ ಕತ್ತರಿ ಹಿಡಿದಿದ್ದ.

“ತುಳಸಿರಾಮ್!”

ಬಯಲಿನ ಮೂಲೆಯಲ್ಲಿ ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಕೂತಿದ್ದವನು ತಲೆ ಎತ್ತಿದ.

ಆಮೇಲೆ ಭಾವ ನಿಲ್ಲಲಿಲ್ಲ. ಹತ್ತು, ಹನ್ನೊಂದು, ಇಪ್ಪತ್ತು, ಮೂವತ್ತು. ಹೆಸರು, ಕೈ; ಹೆಸರು, ಕೈ. ಅಧಿಕಾರಿ ಪಟ್ಟಿಯನ್ನು ಹಸ್ಮುಖ್‌ಭಾಯಿಯ ಕೈಯಿಂದ ಕಿತ್ತುಕೊಂಡು ಪ್ರತಿ ಹೆಸರನ್ನೂ ತಾಳೆ ನೋಡುತ್ತಿದ್ದರು. ಮೂವತ್ತೊಂದೂ ಸರಿಯಾಯಿತು.

“ಮೂವತ್ತೆರಡು, ಬನಮಾಲಿ,” ಎಂದರು ಭಾವ. ಯಾವ ಕೈಯೂ ಏಳಲಿಲ್ಲ. “ಅವನಿನ್ನೂ ಟ್ಯಾಂಕಿನ ಮೇಲೇ ಇದ್ದಾನೆ ಸಾಹೇಬ್. ನಾನು ಎತ್ತಿಲ್ಲ.”

“ಯಾವ ಟ್ಯಾಂಕು?”

ಭಾವ ತಡವರಿಸಿದರು. “ಅಲ್ಲ, ಕಲರ್ ಕಿಚನ್. ಅವನನ್ನು ಬಿಟ್ಟಿದ್ದು ಕಲರ್ ಕಿಚನ್‌ನಲ್ಲಿ. ಉತ್ತರದ ಗೋಡೆ. ಹಿಂದೆ ಜಾಲರಿ ಕಿಟಕಿ ಇದೆ.”

ಅಧಿಕಾರಿ ಮ್ಯಾನೇಜರ್ ಕಡೆ ನೋಡಲೂ ಇಲ್ಲ. ಮುಖವಾಡ ಹಾಕಿದ ಇಬ್ಬರನ್ನು ಕಿಟಕಿಯ ಕಡೆ ಓಡಿಸಿದರು.

ಅವರು ಜಾಲರಿ ಮುರಿದು ಒಳಗಿಳಿದ ಮೇಲೆ ಎಷ್ಟು ಹೊತ್ತಾಯಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ನಾಲ್ಕು ನಿಮಿಷ ಎನ್ನುತ್ತಾನೆ ತುಳಸಿರಾಮ್, ಹತ್ತು ಎನ್ನುತ್ತಾನೆ ಭೋಲಾ. ಕಿಟಕಿಯಿಂದ ಹಳದಿ ಹೊಗೆ ಮಾತ್ರ ಬರುತ್ತಿತ್ತು. ಒಳಗೆ ಹೋದ ಇಬ್ಬರು ಹಿಂದಿರುಗದಿದ್ದರೆ ಎಂದು ಭಾವ ಯೋಚಿಸುತ್ತಿದ್ದರು. ಅವರು ಗೋಡೆ ಹಿಡಿದು ನಿಂತು, ಬಾಯಲ್ಲಿ ಮತ್ತೆ ಮೊದಲಿನಿಂದ ಮೂವತ್ತೆರಡು ಹೆಸರು ಹೇಳಿಕೊಳ್ಳುತ್ತಿದ್ದರಂತೆ.

ಮೊದಲು ಕಿಟಕಿಯಲ್ಲಿ ಕಂಡದ್ದು ಎರಡು ಬರಿಗಾಲು. ಬನಮಾಲಿಗೆ ಪ್ರಜ್ಞೆ ಇರಲಿಲ್ಲ. ಮೈಯೆಲ್ಲ ಕೆಂಪು ಬಣ್ಣ. ರಕ್ತ ಎಂದುಕೊಂಡು ಜನ ಕೂಗಿದರು. ಅಧಿಕಾರಿ ಮೂಗಿನ ಹತ್ತಿರ ಕೈ ಹಿಡಿದು, “ಉಸಿರಿದೆ,” ಎಂದರು.

ಚಹಾ ತರಲು ಹೊರಟವನು ಕೈ ತೊಳೆಯಲೆಂದು ಹಿಂದಿನ ನಲ್ಲಿಗೆ ಹೋಗಿದ್ದನಂತೆ. ಅಷ್ಟರಲ್ಲಿ ಹೊಗೆ ನುಗ್ಗಿ ಬಾಗಿಲು ಕಾಣದಾಯಿತು. ಹೊಸ ಜಾಗ, ದಾರಿ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟ. ಹಸ್ಮುಖ್‌ಭಾಯಿ ಆ ಮೂರು ದಿನವೂ ಅವನ ಮಂಚದ ಪಕ್ಕದ ನೆಲದ ಮೇಲೆ ಕೂತಿದ್ದ. ಮನೆಗೆ ಹೋಗು ಎಂದರೆ ಹೋಗುತ್ತಿರಲಿಲ್ಲ.

ಮುಂದಿನ ವಾರ ಕಾರ್ಖಾನೆ ಇನ್‌ಸ್ಪೆಕ್ಟರ್ ವಿಚಾರಣೆಗೆ ಬಂದರು. ಹಿಂದಿನ ದಿನ ಮ್ಯಾನೇಜರ್ ಭಾವನನ್ನು ಕೋಣೆಗೆ ಕರೆಸಿ, “ಬನಮಾಲಿ ಪಟ್ಟಿಯಲ್ಲಿದ್ದ ಅಂತ ಹೇಳಿಬಿಡು. ಎಲ್ಲರಿಗೂ ಒಳ್ಳೆಯದು,” ಎಂದಿದ್ದರು. ಅಕ್ಕನಿಗೆ ಹೆದರಿಕೆ. “ಹಂಗೇ ಹೇಳ್ರಿ. ಈ ಕೆಲಸವೂ ಹೋದ್ರೆ ಎಲ್ಲಿಗೆ ಹೋಗೋಣ?” ಎಂದಳು.

ಇನ್‌ಸ್ಪೆಕ್ಟರ್ ಮುಂದೆ ಭಾವ ಇದ್ದದ್ದನ್ನೇ ಹೇಳಿದರು: ಏಳಕ್ಕೆ ಮೂವತ್ತೊಂದು, ಏಳೂವರೆಗೆ ಒಂದು, ಆ ಒಂದು ಹೆಸರು ಎಲ್ಲೂ ಬರೆದಿರಲಿಲ್ಲ. ಇನ್‌ಸ್ಪೆಕ್ಟರ್ ನಂಬಲಿಲ್ಲ. ತಮ್ಮ ಚೀಲದಿಂದ ಇನ್ನೊಂದು ಊರಿನ ಯಾವುದೋ ಪಟ್ಟಿ ತೆಗೆದು ಇಪ್ಪತ್ತೈದು ಹೆಸರು ಓದಿದರು. ಭಾವ ಒಂದೊಂದು ಹೆಸರಿಗೂ ಸ್ವಲ್ಪ ತಡೆಯಿರಿ ಎನ್ನುತ್ತ ಕೇಳಿಸಿಕೊಂಡರು. ಆಮೇಲೆ ಇಪ್ಪತ್ತೈದನ್ನೂ ಮೊದಲಿನಿಂದ ಕೊನೆಗೆ ಹೇಳಿ, ಕೊನೆಯಿಂದ ಮೊದಲಿಗೂ ಹೇಳಿದರು. ಮ್ಯಾನೇಜರ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಕೆಲಸ ಹೋಗಲಿಲ್ಲ. ಮಿಲ್ಲು ಮೂರು ತಿಂಗಳ ಮೇಲೆ ತೆರೆದಾಗ ಹಿಂದಿನ ಗೇಟಿನಲ್ಲಿ ಮೊಳೆ ಹೊಡೆದ ಹಲಗೆ ಬಂತು. ಖಾಯಮ್ಮೋ ಠೇಕೆಯೋ, ಒಳಹೋಗುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ, ಒಳಗೆ ಹೋಗುವಾಗ ಮೊಳೆಗೆ ಹಾಕಿ ಹೊರಬರುವಾಗ ತೆಗೆಯಬೇಕು. ಭಾವ ಹಲಗೆಯನ್ನು ನೋಡಿಕೊಂಡರು, ತಮ್ಮ ದಾರಿಯನ್ನೂ ಬಿಡಲಿಲ್ಲ. ಬನಮಾಲಿಯ ಕೆಮ್ಮು ಪೂರ್ತಿ ಹೋಗಲಿಲ್ಲ. ಬಣ್ಣದ ಕೆಲಸ ಬಿಟ್ಟು ಸೀರೆ ಮಡಚುವ ಕೆಲಸಕ್ಕೆ ಸೇರಿದ.

ಭಾವನಿಗೆ ಹಿಂದಿನ ನೆನಪು ಮರಳಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ತಾನು ಉದ್ದೇಶಪೂರ್ವಕವಾಗಿ ಎತ್ತಿ ಇಟ್ಟದ್ದು ಮಾತ್ರ ಉಳಿಯುತ್ತಿತ್ತು. ತಾನಾಗಿ ಬಂದದ್ದು ಹೋಗುತ್ತಿತ್ತು. ಬನಮಾಲಿ ಆಸ್ಪತ್ರೆಯಿಂದ ಬಂದು ತಮ್ಮ ಕೈ ಹಿಡಿದು ಅತ್ತದ್ದು ಅವರಿಗೆ ನೆನಪಿರಲಿಲ್ಲ. ಅಕ್ಕ ಹೇಳಿದಾಗ, “ಹೌದಾ? ಅತ್ತನಾ?” ಎಂದು ಕೇಳಿದರು.

ಆ ದೀಪಾವಳಿಗೆ ಅವರೆಲ್ಲ ವಡೋದರಾಕ್ಕೆ ಬಂದಿದ್ದರು. ಶ್ವೇತಾಗೆ ಎಂಟು ವರ್ಷ. ಎರಡನೆಯ ದಿನ ಸಂಜೆ ಅವಳು ಹೊರಗೆ ಹೋಗೋಣ ಎಂದು ಹಟ ಹಿಡಿದಳು. ನಾನು ಅಂಗಿ ಹಾಕಿಕೊಳ್ಳಲು ಎದ್ದೆ. ಅಕ್ಕ ನನ್ನನ್ನು ತಡೆದು, ಗಂಡನ ಕಡೆ ತಿರುಗಿ, “ನೀವೇ ಕರ್ಕೊಂಡ್ ಹೋಗ್ರಿ,” ಎಂದಳು. ಭಾವ ಗೇಟಿನಲ್ಲಿ ಆಳುಗಳನ್ನು ನೋಡುತ್ತಿದ್ದ ಹಾಗೆ ಶ್ವೇತಾಳ ಮುಖ ನೋಡಿದರು. ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲಿಳಿದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಅವರು ತಿರುಗಿ ಬರುವವರೆಗೂ ಒಳಗೆ ಬರಲಿಲ್ಲ.